ಸ್ಕೂಲ್ ಲೈಬ್ರರಿಯಿಂದ ಪುಸ್ತಕ ತೆಗೆದುಹಾಕಿದ್ರೆ ಮಕ್ಕಳಿಗೆ ಹೇಗೆ ಹೇಳೋದು?

ಅಮೆರಿಕದಲ್ಲಿ ಮಕ್ಕಳು ಓದ್ತಿದ್ರೆ ಈ ಪ್ರಶ್ನೆ ಬಂದೇ ಬರುತ್ತೆ. ಭಾಷಣ ಬೇಡ, ಐಲ್ಯಾಂಡ್ ಟ್ರೀಸ್ ಕೇಸ್ ಹೇಳಿ. 1976ರಲ್ಲಿ ನ್ಯೂಯಾರ್ಕ್ ರಾಜ್ಯದ ಐಲ್ಯಾಂಡ್ ಟ್ರೀಸ್‌ನಲ್ಲಿ ಸ್ಕೂಲ್‌ಗಳನ್ನ ನಡೆಸೋ ಸಮಿತಿ, ಅಂದ್ರೆ ಸ್ಕೂಲ್ ಬೋರ್ಡ್‌ನವ್ರು ಯಾವ್ದೋ ಸಮ್ಮೇಳನದಲ್ಲಿ ಸಿಕ್ಕ ‘ಆಕ್ಷೇಪಾರ್ಹ’ ಪುಸ್ತಕಗಳ ಲಿಸ್ಟ್ ಹಿಡ್ಕೊಂಡು ಲೈಬ್ರರಿ ಪುಸ್ತಕಗಳನ್ನ ತೆಗೆಸಿದ್ರು, ಸ್ಟೀವನ್ ಪಿಕೊ ಅನ್ನೋ ಹೈಸ್ಕೂಲ್ ಹುಡುಗ ಇನ್ನೂ ನಾಲ್ಕು ಜನ ವಿದ್ಯಾರ್ಥಿಗಳ ಜೊತೆ ಕೋರ್ಟಿಗೆ ಹೋದ, 1982ರಲ್ಲಿ ಸುಪ್ರೀಂ ಕೋರ್ಟಲ್ಲಿ 5-4 ಅಂತ ಮಕ್ಕಳ ಕಡೆ ಆಯ್ತು. ಆದ್ರೆ ಆ ಐದು ಜನ ಜಡ್ಜ್‌ಗಳೂ ಕಾರಣದಲ್ಲಿ ಒಂದಾಗ್ಲಿಲ್ಲ, ಇದನ್ನೂ ಮುಚ್ಚಿಡಬೇಡಿ.

ಆಮೇಲೆ ಮನೇಲಿರೋ ಒಂದು ಪುಸ್ತಕ ತಗೊಂಡು ಊಟದ ಟೇಬಲ್ಲಲ್ಲೇ ಬೋರ್ಡ್ ಮೀಟಿಂಗ್ ಆಡಿಸಿ: ಒಬ್ರು ಇರ್ಲಿ ಅನ್ಬೇಕು, ಒಬ್ರು ತೆಗೀರಿ ಅನ್ಬೇಕು, ಅರ್ಧದಲ್ಲಿ ಪಾತ್ರ ಅದಲುಬದಲು. ಷರತ್ತು ಒಂದೇ, ಪೂರ್ತಿ ಓದದೆ ಬಾಯಿ ಬಿಡೋ ಹಾಗಿಲ್ಲ (ಅಪ್ಪ ಅಮ್ಮನೂ ಅಷ್ಟೇ!). ‘ವಯಸ್ಸಿಗೆ ಸರಿಹೋಗಲ್ಲ’ಕ್ಕೂ ‘ನಂಗಿಷ್ಟ ಇಲ್ಲ’ಕ್ಕೂ ಏನು ವ್ಯತ್ಯಾಸ ಅಂತ ಅವರ ಬಾಯಲ್ಲೇ ಬರ್ಲಿ, ನೀವು ಮಧ್ಯ ತೀರ್ಪು ಕೊಡೋಕೆ ಹೋಗ್ಬೇಡಿ.