ಮಾದರಿ ರೈಲು ಎಂಜಿನ್‌ಗೆ ದುಡಿದ ಬಣ್ಣ ಬರಿಸುವುದು ಹೇಗೆ?

ಮಾದರಿ ಎಂಜಿನ್ ನಿಜದ ಎಂಜಿನ್ ಥರ ಕಾಣಲಿ ಅಂತ ಹೊರಟವರು ಸಾಮಾನ್ಯವಾಗಿ ಒಂದೇ ತಪ್ಪು ಮಾಡುತ್ತಾರೆ. ಮೈತುಂಬ ಕಪ್ಪು ಬಳಿದುಬಿಡುತ್ತಾರೆ. ಕೊಳೆ ಎಲ್ಲಿಂದ ಬಂತು, ಯಾವ ಕಡೆ ಇಳಿಯಿತು ಅಂತ ಯೋಚಿಸುವುದಿಲ್ಲ.

ನಮ್ಮ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನನ್ನೇ ತೆಗೆದುಕೊಳ್ಳಿ. 1962ರಲ್ಲಿ ಅಮೆರಿಕದ ಆಲ್ಕೊ ಕಂಪನಿಯಿಂದ ಬಂದು, ಆಮೇಲೆ ವಾರಾಣಸಿಯಲ್ಲಿ ತಯಾರಾದ 2,600 ಅಶ್ವಶಕ್ತಿಯ ಎಂಜಿನ್ ಇದು. ಕೃಷ್ಣರಾಜಪುರದ ಶೆಡ್ಡಿನಲ್ಲಿ ಸಾಲಾಗಿ ನಿಂತಿದ್ದನ್ನು ನೋಡಿದವರು ಬಹಳ ಜನ ಇದ್ದೀರಿ. ಲೋಕೊ ಪೈಲಟ್ ನಾಚ್ (ಶಕ್ತಿ ಹೆಚ್ಚಿಸುವ ಹಿಡಿಯ ಹಂತ) ಏರಿಸಿದ ತಕ್ಷಣ ಡೀಸೆಲ್ ಒಳಗೆ ಹೋಗುತ್ತದೆ, ಗಾಳಿಯನ್ನು ಒತ್ತಿ ತುಂಬುವ ಟರ್ಬೊದ ಗಾಳಿ ಸ್ವಲ್ಪ ತಡವಾಗಿ ಬರುತ್ತದೆ. ಅಷ್ಟರಲ್ಲಿ ಕರಿಹೊಗೆ ಭುಸ್ ಅಂತ ಮೇಲೇಳುತ್ತದೆ. ಹಾಗಾಗಿ ಮಸಿ ಕೂರುವುದು ಹೊಗೆ ಕೊಳವೆಯ ಸುತ್ತ, ಚಾವಣಿಯ ಮೇಲೆ. ಈ ಎಂಜಿನ್ ಎರಡೂ ದಿಕ್ಕಿಗೆ ಓಡುತ್ತಿತ್ತು, ಆದ್ದರಿಂದ ಮಸಿಯ ಬಾಲವನ್ನೂ ಎರಡೂ ಕಡೆಗೆ ಎಳೆಯಬೇಕು. ಕೆಳಗೆ ಬೋಗಿಯ ಮೇಲೆ (ಇಲ್ಲಿ ಬೋಗಿ ಅಂದರೆ ಪ್ರಯಾಣಿಕರ ಡಬ್ಬಿ ಅಲ್ಲ, ಚಕ್ರಗಳನ್ನು ಹಿಡಿದಿರುವ ಚೌಕಟ್ಟು) ಬ್ರೇಕ್ ಸವೆದು ಉದುರಿದ ಕಂದು ಪುಡಿ. ಡೀಸೆಲ್ ತುಂಬಿಸುವ ಬಾಯಿಯ ಕೆಳಗೆ ಮಾತ್ರ ಜಿಡ್ಡಿನ ಹೊಳಪು.

ಮೊದಲ ಹಂತಗಳು ಸುಲಭ. ಮೇಲಿನ ಬಾಡಿಯನ್ನು ಚಾಸಿಯಿಂದ (ಚಕ್ರ, ಮೋಟಾರು ಇರುವ ಕೆಳಭಾಗ) ಬಿಚ್ಚಿ, ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಬಣ್ಣ ಹಿಡಿಯಲಿ ಅಂತ ಮೊದಲು ತೆಳುವಾಗಿ ಪ್ರೈಮರ್, ಅದರ ಮೇಲೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಎರಡು ಮೂರು ಪದರ. ಹಾರ್ಡ್‌ವೇರ್ ಅಂಗಡಿಯ ಗೇಟಿಗೆ ಹೊಡೆಯುವ ಸ್ಪ್ರೇ ಡಬ್ಬಿ ಬೇಡವೇ ಬೇಡ. ಆ ದಪ್ಪ ಬಣ್ಣ ರಿವೆಟ್‌ಗಳನ್ನೆಲ್ಲ ಮುಚ್ಚಿಹಾಕುತ್ತದೆ, ಕೆಲವು ಪ್ಲಾಸ್ಟಿಕ್ಕನ್ನು ಕರಗಿಸಲೂಬಹುದು. ಕಪ್ಪು ಬೇಕಾದ ಕಡೆ ಅಚ್ಚ ಕಪ್ಪು ಹಾಕಬೇಡಿ, ಗಾಢ ಬೂದು ಹಾಕಿ. ಇಷ್ಟು ಚಿಕ್ಕ ವಸ್ತುವಿನ ಮೇಲೆ ಅಚ್ಚ ಕಪ್ಪು ತೂತಿನ ಹಾಗೆ ಕಾಣುತ್ತದೆ. ಆಮೇಲೆ ಹೊಳಪು ವಾರ್ನಿಶ್, ಅದರ ಮೇಲೆ ನಂಬರಿನ ಸ್ಟಿಕ್ಕರ್, ಅದು ಕೂತ ಮೇಲೆ ಇನ್ನೊಂದು ತೆಳು ಹೊಳಪು ಪದರ. ಒಂದು ದಿನ ಪೂರ್ತಿ ಒಣಗಲಿ.

ಈಗ ವಾಶ್. ಕೈ ಕೆಡುವುದು ಇಲ್ಲೇ. ವಾಶ್ ಅಂದರೆ ನೀರಿನಷ್ಟು ತೆಳುವಾದ ಬಣ್ಣ. ಕೆಳಗಿರುವುದು ಅಕ್ರಿಲಿಕ್ ಆದರೆ ವಾಶ್ ಎನಾಮೆಲ್‌ನದ್ದೇ (ಎಣ್ಣೆ ಬಣ್ಣ) ಇರಲಿ. ಅದನ್ನು ಒರೆಸಲು ಬಳಸುವ ವೈಟ್ ಸ್ಪಿರಿಟ್ (ಎಣ್ಣೆ ಬಣ್ಣ ತೆಳು ಮಾಡುವ ದ್ರವ) ಒಣಗಿದ ಅಕ್ರಿಲಿಕ್ಕಿಗೆ ಏನೂ ಮಾಡುವುದಿಲ್ಲ. ಮೈಯೆಲ್ಲ ಬಳಿಯಬೇಡಿ. ಸಣ್ಣ ಬ್ರಶ್ಶಿನ ತುದಿಯನ್ನು ಬಾಗಿಲಿನ ಸಂದಿಗೆ ಸುಮ್ನೆ ಮುಟ್ಟಿಸಿ. ಹೊಳಪು ವಾರ್ನಿಶ್ ಇರುವುದರಿಂದ ವಾಶ್ ತಾನಾಗಿಯೇ ಗೆರೆ ಹಿಡಿದು ಓಡುತ್ತದೆ. ನೋಡುವುದಕ್ಕೇ ಚೆಂದ! ಹತ್ತು ಹದಿನೈದು ನಿಮಿಷ ಬಿಡಿ. ಹೊಳಪು ಹೋಗಿ ಮಂಕಾದಾಗ, ಚಪ್ಪಟೆ ಬ್ರಶ್ಶನ್ನು ಸ್ಪಿರಿಟ್‌ಗೆ ಅದ್ದಿ, ಬಟ್ಟೆಗೆ ಚೆನ್ನಾಗಿ ಒತ್ತಿ ಒರೆಸಿ, ಬರೀ ಪಸೆ ಉಳಿದ ಬ್ರಶ್ಶಿನಿಂದ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಅಡ್ಡಡ್ಡ ಎಳೆಯಬಾರದು, ಮಳೆ ಅಡ್ಡ ಸುರಿಯುವುದಿಲ್ಲ ಅಲ್ವಾ? ಪ್ರತಿ ಎಳೆತಕ್ಕೂ ಬ್ರಶ್ ಒರೆಸಿಕೊಳ್ಳಿ. ಹಾಕಿದ ವಾಶ್‌ನಲ್ಲಿ ಮುಕ್ಕಾಲು ಭಾಗ ತೆಗೆದುಬಿಡಬೇಕು. ಉಳಿದದ್ದೇ ಕೊಳೆ.

ಅಳತೆಯ ಲೆಕ್ಕ ಮರೆಯಬೇಡಿ. ಮಾದರಿ ರೈಲಿನ ಎಚ್‌ಒ ಸ್ಕೇಲ್ ಅಂದರೆ 1:87, ನಿಜದ್ದರ 87ನೇ ಒಂದು ಭಾಗದ ಅಳತೆ. ನೀವು ಎಳೆದ 2 ಮಿಲಿಮೀಟರ್ ಅಗಲದ ತುಕ್ಕಿನ ಗೆರೆ ನಿಜದಲ್ಲಿ 17 ಸೆಂಟಿಮೀಟರ್ ಅಗಲ. ಅಂಥ ತುಕ್ಕು ಓಡುವ ಎಂಜಿನ್ ಮೇಲೆ ನಾನಂತೂ ನೋಡಿಲ್ಲ. ಕೂದಲೆಳೆಯಷ್ಟು ಸಾಕು.

ವಾಶ್ ಒಣಗಿದ ಮೇಲೆ ಹೊಳಪಿಲ್ಲದ ಮ್ಯಾಟ್ ವಾರ್ನಿಶ್. ಮಳೆಗಾಲದಲ್ಲಿ ಹುಷಾರು. ಒಮ್ಮೆ ಜುಲೈನಲ್ಲಿ, ಹೊರಗೆ ಜಿಟಿಜಿಟಿ ಮಳೆ ಬರುವಾಗ ನಾನು ಸ್ಪ್ರೇ ಮಾಡಿದೆ. ಎರಡು ವಾರದ ಕೆಲಸದ ಮೇಲೆ ಬೂಷ್ಟು ಹಿಡಿದಂತೆ ಬಿಳಿ ಪೊರೆ ಬಂತು. ಒಣ ಬಿಸಿಲಿಗೆ ಕಾಯಿರಿ.

ಕೊನೆಗೆ ಪುಡಿ. ದುಬಾರಿ ಪಿಗ್ಮೆಂಟ್ ಡಬ್ಬಿಗಳೇ ಆಗಬೇಕು ಅಂತಿಲ್ಲ. ಒಣ ಪೇಸ್ಟಲ್ ಕಡ್ಡಿಯನ್ನು ನುಣ್ಣನೆಯ ಮರಳು ಕಾಗದದ ಮೇಲೆ ಉಜ್ಜಿದರೂ ನಡೆಯುತ್ತದೆ. ಆಯಿಲ್ ಪೇಸ್ಟಲ್ ಅಲ್ಲ, ಅದು ಜಿಡ್ಡು. ಚಾವಣಿಗೆ ಕಪ್ಪು, ಬೋಗಿಗೆ ಕಂದು. ನಿಮ್ಮ ಎಂಜಿನ್ ಹೊಸಪೇಟೆ, ತೋರಣಗಲ್ಲು ಕಡೆ ಅದಿರಿನ ಗಾಡಿ ಎಳೆಯುವುದಾದರೆ ಬೋಗಿಯಿಂದ ಮೆಟ್ಟಿಲವರೆಗೆ ಕೆಂಪು ಜಾಸ್ತಿ ಇರಲಿ, ಮೇಲೆ ಹೋದಂತೆ ಕಡಿಮೆಯಾಗಲಿ. ಪುಡಿಯ ಮೇಲೆ ಮತ್ತೆ ವಾರ್ನಿಶ್ ಹೊಡೆದರೆ ಅರ್ಧ ಬಣ್ಣ ಮಾಯವಾಗುತ್ತದೆ. ನಾನು ಹೊಡೆಯುವುದೇ ಇಲ್ಲ, ಎಂಜಿನ್ನನ್ನು ಕೆಳಗಿನಿಂದ ಹಿಡಿದು ಎತ್ತುತ್ತೇನೆ.

ಬಾಡಿ ಕೂರಿಸುವ ಮೊದಲು ಚಕ್ರದ ಅಂಚು ನೋಡಿ. ಹಳಿ ಮುಟ್ಟುವ ಜಾಗದಲ್ಲಿ ಬಣ್ಣವೋ ಪುಡಿಯೋ ಇದ್ದರೆ ಹಳಿಯಿಂದ ಮಾದರಿಯ ಮೋಟಾರಿಗೆ ಕರೆಂಟ್ ಹರಿಯುವುದಿಲ್ಲ. ಸ್ಪಿರಿಟ್ ಹಚ್ಚಿದ ಇಯರ್‌ಬಡ್ಡಿನಿಂದ ಲೋಹ ಫಳಫಳ ಅನ್ನುವವರೆಗೆ ಒರೆಸಿ. ನಿಜದ ಎಂಜಿನ್ನಿನಲ್ಲೂ ಆ ಅಂಚು ಯಾವಾಗಲೂ ಹೊಳೆಯುತ್ತಿರುತ್ತದೆ.