ಖಾನಾವಳಿ ಊಟ ಮನೆಗೆ ತರೋದು ಹೇಗೆ? ಡಬ್ಬಿ ಬೇಡ, ಎಸರು ಸಾಕು

ಊರಿಗೆ ಯಾರಾದರೂ ಬಂದರೆ ಮೊದಲು ಗೋಳಗುಮ್ಮಟ ತೋರಿಸಬೇಕು ಅನ್ನೋದು ವಿಜಯಪುರದವರ ರೂಢಿ. ನಾನು ಮಾತ್ರ ಮೊದಲು ಖಾನಾವಳಿಗೆ ಕರೆದೊಯ್ಯುತ್ತೇನೆ. 1656ರಿಂದ ನಿಂತಿರುವ ಗುಮ್ಮಟ ಇನ್ನೊಂದು ತಾಸು ಕಾಯುತ್ತದೆ, ಹಂಚಿನ ಮೇಲಿನ ರೊಟ್ಟಿ ಕಾಯೋದಿಲ್ಲ.

ಉಂಡು ಕೈ ತೊಳೆಯುವಾಗ ಎಲ್ಲರೂ ಕೇಳೋದು ಒಂದೇ ಮಾತು. ‘ಮಸಾಲೆಗೆ ಏನು ಹಾಕ್ತಾರೆ?’ ನಾನೂ ವರ್ಷಗಟ್ಟಲೆ ಇದನ್ನೇ ಕೇಳಿದವನು. ಮಸಾಲೆ ಪುಡಿ ಕೊಂಡು ತಂದೆ, ಗುರೆಳ್ಳು (ಹುಚ್ಚೆಳ್ಳು) ತಂದೆ, ಕಬ್ಬಿಣದ ಹಂಚೂ ತಂದೆ, ಆದರೂ ಮನೆಯ ಊಟಕ್ಕೆ ಆ ರುಚಿ ಬರಲಿಲ್ಲ. ಆಮೇಲೆ ತಿಳೀತು, ನಾನು ಕೇಳಬೇಕಾದದ್ದು ಏನು ಹಾಕ್ತಾರೆ ಅಂತ ಅಲ್ಲ, ಯಾವಾಗ ಹಾಕ್ತಾರೆ, ಎಷ್ಟು ಬಿಸಿ ಇರುವಾಗ ಹಾಕ್ತಾರೆ ಅಂತ.

ಮೊದಲು ಕೂರುವ ಜಾಗ

ಒಲೆ ಕಾಣುವ ಕಡೆ ಕೂತುಕೊಳ್ಳಿ. ಫ್ಯಾನಿನ ಗಾಳಿ ಸ್ವಲ್ಪ ಕಡಿಮೆ ಬಂದರೂ ಪರವಾಗಿಲ್ಲ. ಮಧ್ಯಾಹ್ನ ಒಂದರ ಹೊತ್ತಿಗೆ ಹೋದರೆ ರೊಟ್ಟಿ ಬಡಿಯುವ ಸದ್ದು ಬಾಗಿಲಲ್ಲೇ ಕೇಳಿಸುತ್ತದೆ. ಮೂರರ ಮೇಲೆ ಹೋದರೆ ಪಲ್ಯದ ಪಾತ್ರೆಯ ತಳ ಕೆರೆದು ಹಾಕ್ತಾರೆ, ಅದು ಅವರ ತಪ್ಪಲ್ಲ. ಬಿಸಿ ರೊಟ್ಟಿಯೋ ಕಡಕ್ ರೊಟ್ಟಿಯೋ ಮೊದಲೇ ಹೇಳಿಬಿಡಿ. ತಟ್ಟೆಯಲ್ಲಿ ಎಣಗಾಯಿ (ಮಸಾಲೆ ತುಂಬಿದ ಬದನೆಕಾಯಿ ಪಲ್ಯ), ಒಂದು ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಬರುತ್ತವೆ. ಮೆಂತ್ಯದ ಎಳೆಯ ಸೊಪ್ಪು, ಮೂಲಂಗಿ, ಸವತೆಕಾಯಿ ಆಯಾ ಕಾಲಕ್ಕೆ. ಲಿಂಬೆಹಣ್ಣಿನ ಹೋಳು ಇದ್ದರೆ ಬಹುತೇಕ ನಮ್ಮ ಜಿಲ್ಲೆಯ ಇಂಡಿ ಕಡೆಯದು. ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ, ಸುಮ್ನೆ ತಟ್ಟೆಯ ಮೂಲೆಗೆ ಸರಿಸಬೇಡಿ.

ಇನ್ನೊಂದು ಮಾತು. ಒಮ್ಮೆ ಒಂದು ಹೊಸ, ಝಗಮಗ ಲೈಟಿನ ಹೋಟೆಲಲ್ಲಿ ಜೋಳದ ರೊಟ್ಟಿ ಅಂತ ಹೇಳಿ ತಂದಿಟ್ಟದ್ದು ಹರಿದರೆ ರಬ್ಬರಿನ ಹಾಗೆ ಎಳೆಯುತ್ತಿತ್ತು. ಜೋಳದಲ್ಲಿ ಗೋಧಿಯ ಅಂಟು ಇರೋದಿಲ್ಲ, ಅಪ್ಪಟ ಜೋಳದ ರೊಟ್ಟಿ ಎಳೆದರೆ ತಟ್ಟನೆ ಹರಿಯಬೇಕು. ಎಳೆದಷ್ಟೂ ಬಂದರೆ ಗೋಧಿಯೋ ಮೈದಾನೋ ಬೆರೆತಿದೆ ಅಂತ ಅರ್ಥ. ನಾನು ಜಗಳ ಮಾಡಲಿಲ್ಲ, ಬಿಲ್ ಕೊಟ್ಟು ಬಂದೆ, ಮತ್ತೆ ಹೋಗಲಿಲ್ಲ.

ರೊಟ್ಟಿ: ಇಲ್ಲಿ ಅವಸರ ಬೇಡ

ನನಗೆ ಪಾಠ ಹೇಳಿದ್ದು ನಾನು ನಿತ್ಯ ಉಣ್ಣುವ ಖಾನಾವಳಿಯ ಅಕ್ಕ. ಬಳೆ ಮೊಣಕೈವರೆಗೆ ಸರಿಸಿ, ಬಲಗೈಯಲ್ಲಿ ಬಡಿಯುತ್ತಾ ಎಡಗೈಯಲ್ಲಿ ಅಂಚು ತಿದ್ದುತ್ತಾ ಕೂತಿರುತ್ತಾರೆ. ಕಣ್ಣು ಮಾತ್ರ ಬಾಗಿಲ ಕಡೆ, ಯಾರು ಬಂದರು, ಯಾರು ದುಡ್ಡು ಕೊಡದೆ ಹೊರಟರು ಅಂತ. ಮನೆಯಲ್ಲಿ ನನ್ನ ರೊಟ್ಟಿ ಬೇಸಿಗೆಯ ಎರೆ ಹೊಲದ ಹಾಗೆ ಬಿರುಕು ಬಿಡುತ್ತೆ ಅಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

‘ನೀರು ಹ್ಯಾಂಗ ಹಾಕ್ತಿ ತಮ್ಮಾ?’

‘ಬೆಚ್ಚಗ ಮಾಡಿ ಹಾಕ್ತೀನ್ರಿ ಅಕ್ಕಾರ.’

‘ಬೆಚ್ಚಗಿನ ನೀರಾಗ ಮೈ ತೊಳ್ಕೊಂತಾರ, ಹಿಟ್ಟು ನಾದಂಗಿಲ್ಲ. ಎಸರು ಕುದೀಬೇಕು.’

ಇಡೀ ಗುಟ್ಟು ಅಷ್ಟೇ. ಅಂಟಿಲ್ಲದ ಹಿಟ್ಟನ್ನು ಹಿಡಿದು ನಿಲ್ಲಿಸೋದು ಅದರೊಳಗಿನ ಪಿಷ್ಟ. ಕುದಿಯುವ ನೀರು ಬಿದ್ದಾಗ ಆ ಪಿಷ್ಟ ಉಬ್ಬಿ ಗಂಜಿಯ ಹಾಗೆ ಜಿಗುಟಾಗುತ್ತದೆ. ನೀರು ಬರೀ ಬೆಚ್ಚಗಿದ್ದರೆ ಅದು ಉಬ್ಬೋದೇ ಇಲ್ಲ, ಬಡಿದಲ್ಲೆಲ್ಲ ಬಿರುಕು.

ಹಿಟ್ಟು ಹೊಸದಿರಬೇಕು. ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿಕೊಂಡು ಬನ್ನಿ, ಹಳೆಯದಾದಷ್ಟೂ ಜಿಗಿ ಕಡಿಮೆ. ಅಂಗಡಿಯಲ್ಲಿ ಮಾಲದಂಡಿ ಅಥವಾ ಹಿಂಗಾರಿ ಬಿಳಿಜೋಳ ಕೇಳಿ. ಮುಂಗಾರು ಮುಗಿದ ಮೇಲೆ ಬಿತ್ತಿ, ಎರೆಮಣ್ಣು ಹಿಡಿದಿಟ್ಟ ಹಸಿಯಲ್ಲೇ ಬೆಳೆದು ಬೇಸಿಗೆ ಶುರುವಾಗುವ ಹೊತ್ತಿಗೆ ಕಟಾವಿಗೆ ಬರೋ ಜೋಳ ಇದು. ‘ಡೋಣಿ ಬೆಳೆದರೆ ಓಣಿ ತುಂಬ ಜೋಳ’ ಅಂತ ನಮ್ಮ ಡೋಣಿ ನದಿ ದಂಡೆಯ ಹೊಲಗಳ ಬಗ್ಗೆ ಹಿರಿಯರು ಹೇಳೋದು ಈ ಜೋಳಕ್ಕೇ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿತು ಅಂತ ಅಕ್ಕನಿಗೆ ಹೇಳಿದೆ. ‘ಹೌದಾ? ಹಂಗಾರ ರೇಟು ಇಳೀತೇನು?’ ಅಂದರು.

ಈಗ ಕೆಲಸಕ್ಕೆ ಇಳಿಯೋಣ. ಎರಡು ಲೋಟ ಹಿಟ್ಟನ್ನು ಪರಾತದಲ್ಲಿ ಗುಡ್ಡೆ ಹಾಕಿ ನಡುವೆ ಗುಂಡಿ ಮಾಡಿ. ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುದಿಸಿ. ಮೇಲೆ ಬರೀ ಹೊಗೆ ಆಡಿದರೆ ಸಾಲದು, ಗುಳುಗುಳು ಸದ್ದು ಬರಬೇಕು. ಆ ಎಸರನ್ನು ಗುಂಡಿಗೆ ಸುರಿದು, ಸುತ್ತಲಿನ ಒಣ ಹಿಟ್ಟನ್ನು ಸೌಟಿನಿಂದ ಅದರ ಮೇಲೆ ಎಳೆದು ಮುಚ್ಚಿ. ಐದು ನಿಮಿಷ ಮುಟ್ಟಬೇಡಿ. ಆಮೇಲೆ ಒಂದೊಂದು ರೊಟ್ಟಿಗೆ ಬೇಕಾದಷ್ಟೇ ಹಿಟ್ಟು ತೆಗೆದುಕೊಂಡು, ತಣ್ಣೀರು ಚಿಮುಕಿಸುತ್ತಾ, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ. ಎಲ್ಲವನ್ನೂ ಒಮ್ಮೆಲೇ ನಾದಿಟ್ಟರೆ ಕೊನೆಯ ರೊಟ್ಟಿಯ ಹೊತ್ತಿಗೆ ಹಿಟ್ಟು ಒಣಗಿರುತ್ತದೆ. ಹದ ಬಂತಾ ಅಂತ ನೋಡೋಕೆ ಉಂಡೆ ಮಾಡಿ ಹೆಬ್ಬೆರಳಿನಿಂದ ಅದುಮಿ. ಅಂಚು ಸೀಳಿದರೆ ಇನ್ನೂ ನಾದಬೇಕು.

ಕೆಳಗೆ ಒಣ ಹಿಟ್ಟು ಉದುರಿಸಿ, ಉಂಡೆ ಇಟ್ಟು ಬಡಿಯಿರಿ. ಬಡಿಯೋದು ಅಂದರೆ ಸಿಟ್ಟಿನಿಂದ ಹೊಡೆಯೋದಲ್ಲ, ಕೈ ಬಿದ್ದ ಕೂಡಲೇ ರೊಟ್ಟಿ ತಾನೇ ಸ್ವಲ್ಪ ತಿರುಗಬೇಕು. ನಡುವೆ ತೆಳ್ಳಗಾಗಿ ಅಂಚು ದಪ್ಪ ಉಳಿಯೋದು ಹೊಸಬರ ಕಾಯಿಲೆ, ಹಾಗಾಗಿ ಕೈಯನ್ನು ಅಂಚಿನ ಕಡೆಯೇ ಜಾಸ್ತಿ ಓಡಿಸಿ. ಬಡಿಯಲು ಬರದವರು ಲಟ್ಟಿಸಿದರೂ ನಡೆಯುತ್ತದೆ, ಯಾರೂ ಬೈಯೋದಿಲ್ಲ. ಬೈದರೆ ಅವರ ಕೈಗೇ ಹಿಟ್ಟು ಕೊಡಿ.

ಹಂಚು ಚೆನ್ನಾಗಿ ಕಾದಿರಬೇಕು. ಒಣ ಹಿಟ್ಟು ಹತ್ತಿದ ಬದಿ ಮೇಲೆ ಬರುವಂತೆ ಹಾಕಿ, ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಿ. ಒಣ ಹಿಟ್ಟು ಹೋಗಬೇಕು, ಅಂಚೂ ಬಿಡಬಾರದು. ಆ ನೀರು ಆರುತ್ತಾ ಬಂದು ಇನ್ನೂ ಸ್ವಲ್ಪ ಹಸಿ ಹೊಳಪಿರುವಾಗಲೇ ತಿರುವಿ. ಪೂರ್ತಿ ಒಣಗಲು ಬಿಟ್ಟರೆ ಮೈ ಬಿರಿದು, ಆ ಸಂದಿನಿಂದ ಹಬೆ ಹೊರಗೆ ಹೋಗಿ ರೊಟ್ಟಿ ಉಬ್ಬೋದಿಲ್ಲ. ಎರಡನೇ ಬದಿ ಬೆಂದು ಅಲ್ಲಲ್ಲಿ ಕಂದು ಚುಕ್ಕಿ ಬಂದ ಮೇಲೆ ಮೊದಲ ಬದಿಯನ್ನು ನೇರ ಉರಿಗೆ ಹಿಡಿಯಿರಿ, ಇಲ್ಲವೇ ಹಂಚಿನ ಮೇಲೇ ಬಟ್ಟೆಯಿಂದ ಅಂಚು ಒತ್ತುತ್ತಾ ತಿರುಗಿಸಿ. ಉಬ್ಬಿತು ಅಂದರೆ ಮನೆಯವರನ್ನೆಲ್ಲ ಕರೆಯಿರಿ. ನಾನು ಕರೆದಿದ್ದೆ.

ಎಣಗಾಯಿ: ಎಣ್ಣೆಗೆ ಜಿಪುಣತನ ಬೇಡ

ಎಂಟು ಪುಟ್ಟ ಮುಳಗಾಯಿ (ಬದನೆಕಾಯಿ) ಆರಿಸಿ. ತೊಟ್ಟು ಹಸಿರಾಗಿರಬೇಕು, ಕೈಗೆ ಹಗುರ ಅನಿಸಬೇಕು. ಭಾರ ಇದ್ದರೆ ಒಳಗೆ ಬೀಜ ಬಲಿತಿದೆ ಅಂತ ಲೆಕ್ಕ. ತೊಟ್ಟು ಉಳಿಸಿ ಪ್ಲಸ್ ಆಕಾರಕ್ಕೆ ಸೀಳಿ, ಕಪ್ಪಾಗದಂತೆ ಉಪ್ಪು ನೀರಿಗೆ ಹಾಕಿಡಿ.

ಹೂರಣಕ್ಕೆ ಅರ್ಧ ಲೋಟ ಹುರಿದ ಶೇಂಗಾ, ಒಂದೊಂದು ಚಮಚ ಗುರೆಳ್ಳು ಮತ್ತು ಎಳ್ಳು, ಎರಡು ಚಮಚ ಒಣಕೊಬ್ಬರಿ, ಸುಟ್ಟ ಒಂದು ಉಳ್ಳಾಗಡ್ಡಿ, ಆರು ಎಸಳು ಬಳ್ಳೊಳ್ಳಿ (ಬೆಳ್ಳುಳ್ಳಿ), ಒಂದು ದೊಡ್ಡ ಚಮಚ ಮಸಾಲೆ ಖಾರ, ಅರಿಶಿಣ, ಉಪ್ಪು, ಅಡಿಕೆ ಗಾತ್ರದ ಹುಣಸೆ, ಅದಕ್ಕೆ ಸಮ ಬೆಲ್ಲ. ಇದರಲ್ಲಿ ಕೈ ಕೊಡೋದು ಗುರೆಳ್ಳು. ನಾನೊಮ್ಮೆ ಶೇಂಗಾ ಜೊತೆಗೇ ಅದನ್ನೂ ಬಾಣಲೆಗೆ ಸುರಿದೆ. ಶೇಂಗಾ ಹುರಿಯುವಷ್ಟರಲ್ಲಿ ಗುರೆಳ್ಳು ಸೀದು ಇಡೀ ಪಲ್ಯ ಕಹಿ. ಮೊದಲೇ ಕರ್ರಗಿರೋ ಕಾಳು, ಸೀದದ್ದು ಕಣ್ಣಿಗೆ ಕಾಣೋದೇ ಇಲ್ಲ, ಅಲ್ವಾ? ಕಿವಿಯಿಂದ ಹುರಿಯಬೇಕು. ಬೇರೆಯಾಗಿ ಸಣ್ಣ ಉರಿಯಲ್ಲಿ ಹಾಕಿ, ಚಟಪಟ ಶುರುವಾದ ಕೂಡಲೇ ತಟ್ಟೆಗೆ ಸುರಿದುಬಿಡಿ. ಎಲ್ಲವನ್ನೂ ತರಿತರಿಯಾಗಿ ರುಬ್ಬಿ ತುಂಬಿ, ಸ್ವಲ್ಪ ಹೂರಣ ಉಳಿಸಿಕೊಳ್ಳಿ.

ದಪ್ಪ ತಳದ ಪಾತ್ರೆಗೆ ಐದು ದೊಡ್ಡ ಚಮಚ ಶೇಂಗಾ ಎಣ್ಣೆ. ಹೌದು, ಐದು. ಎರಡರಲ್ಲಿ ಮುಗಿಸಿ, ಆಮೇಲೆ ಖಾನಾವಳಿಯ ಹಾಗೆ ಬರಲಿಲ್ಲ ಅಂತ ಹೇಳಬೇಡಿ. ಸಾಸಿವೆ, ಕರಿಬೇವು ಸಿಡಿದ ಮೇಲೆ ಕಾಯಿಗಳನ್ನು ಜೋಡಿಸಿ ಸಣ್ಣ ಉರಿಯಲ್ಲಿ ಹೊರಳಿಸುತ್ತಾ ಸಿಪ್ಪೆ ಸುಕ್ಕಾಗುವವರೆಗೆ ಬೇಯಿಸಿ. ನೀರು ಈಗಲೇ ಬೇಡ. ಬಹಳ ಜನ ಇಲ್ಲೇ ಅವಸರ ಮಾಡಿ ನೀರು ಹೊಯ್ದು, ಎಣಗಾಯಿ ಹೋಗಿ ಬದನೆಕಾಯಿ ಸಾರು ಮಾಡಿಕೊಳ್ಳುತ್ತಾರೆ. ತಟ್ಟೆ ಮುಚ್ಚಿ, ಆ ತಟ್ಟೆಯ ಮೇಲೆ ಅರ್ಧ ಲೋಟ ನೀರು ಇಡಿ. ಹತ್ತು ನಿಮಿಷದ ಮೇಲೆ ಉಳಿದ ಹೂರಣದ ಜೊತೆ ಬಿಸಿಯಾದ ಆ ನೀರನ್ನೇ ಒಳಗೆ ಹಾಕಿ. ಎಣ್ಣೆ ಅಂಚಿಗೆ ಬಿಟ್ಟು ನಿಂತರೆ ಆಯಿತು. ಮರುದಿನ ಇನ್ನೂ ರುಚಿ, ಆದರೆ ಮರುದಿನಕ್ಕೆ ಉಳಿದರೆ ತಾನೆ.

ಜುಣಕ, ಹಿಂಡಿ: ಹೊತ್ತಿಲ್ಲದ ದಿನಕ್ಕೆ

ಜುಣಕಕ್ಕೆ ಹದಿನೈದು ನಿಮಿಷ ಸಾಕು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆಯ ಒಗ್ಗರಣೆಗೆ ಅರಿಶಿಣ, ಉಪ್ಪು, ಒಂದು ಲೋಟ ನೀರು ಹಾಕಿ ಕುದಿಸಿ. ಒಂದು ಲೋಟ ಕಡ್ಲೆ ಹಿಟ್ಟನ್ನು ಇನ್ನೊಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ ಸುರಿದು, ಬಿಡದೆ ತಿರುವಿ, ಮುಚ್ಚಿ ಐದು ನಿಮಿಷ ಸಣ್ಣ ಉರಿ. ಹಸಿ ಹಿಟ್ಟಿನ ವಾಸನೆ ಹೋಯಿತೋ ಇಲ್ಲವೋ ಮೂಸಿ ನೋಡಿ.

ಹಿಂಡಿಗೆ ಒಂದು ಲೋಟ ಹುರಿದು ಸಿಪ್ಪೆ ತೆಗೆದ ಶೇಂಗಾ, ಎಂಟು ಎಸಳು ಬಳ್ಳೊಳ್ಳಿ, ಒಂದೂವರೆ ಚಮಚ ಖಾರಪುಡಿ, ಅರ್ಧ ಚಮಚ ಜೀರಿಗೆ, ಉಪ್ಪು. ಕುಟ್ಟಿದರೆ ಶೇಂಗಾದ ಎಣ್ಣೆಯೇ ಬಿಟ್ಟು ಮುದ್ದೆ ಮುದ್ದೆಯಾಗುತ್ತದೆ. ಮಿಕ್ಸಿ ಆದರೆ ಬಿಟ್ಟು ಬಿಟ್ಟು ತಿರುಗಿಸಿ, ಒಂದೇ ಸಮ ಓಡಿಸಿದರೆ ಮೇಣದ ಹಾಗೆ ಅಂಟಿಕೊಳ್ಳುತ್ತೆ. ಮೊಸರಿನ ಜೊತೆ ಕಲಸಿಕೊಳ್ಳಿ.

ರೊಟ್ಟಿ ಹರಿದರೆ?

ಹರಿದೇ ಹರಿಯುತ್ತದೆ, ಮೊದಲ ವಾರ ಖಂಡಿತ. ಎಸೆಯಬೇಡಿ. ಅದನ್ನೇ ಸ್ವಲ್ಪ ದಪ್ಪ ಬಿಟ್ಟು ಬೇಯಿಸಿ, ಬಿಸಿ ಇರುವಾಗಲೇ ಚೂರು ಮಾಡಿ, ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿ. ಎರಡು ಚಮಚ ಎಣ್ಣೆ ಅಥವಾ ತುಪ್ಪ ಹಾಕಿ ಮುಷ್ಟಿಯಲ್ಲಿ ಅದುಮಿದರೆ ಮುಟಗಿ. ಮುಷ್ಟಿಯ ಬೆರಳಿನ ಗುರುತು ಅದರ ಮೈಮೇಲೆ ಹಾಗೇ ಇರಬೇಕು. ನಮ್ಮ ಮನೆಯಲ್ಲಿ ಮೊದಲ ತಿಂಗಳು ಮುಟಗಿಯೇ ಜಾಸ್ತಿ ಆಯಿತು. ಈಗ ನನ್ನ ರೊಟ್ಟಿ ಉಬ್ಬುತ್ತದೆ, ಆದರೆ ಮಗಳು ಹಂಚಿನ ಹತ್ತಿರ ನಿಂತು ‘ಅಪ್ಪಾ, ಇವತ್ತು ಒಂದಾದರೂ ಹರೀಲಿ’ ಅಂತ ಕಾಯುತ್ತಾಳೆ.