ಮನೆ ಮಷಿನ್ನಿನಲ್ಲೇ ಕೌದಿ: ನಿರಿಗೆ ಬೀಳದ ಹಾಗೆ ಹೊಲಿಯುವುದು ಹೇಗೆ?

ಹೋದ ಚಳಿಗಾಲದಲ್ಲಿ ಪಕ್ಕದ ಮನೆಯವರು ತಾವು ಹೊಲಿದ ಕೌದಿ ತಂದು ನನ್ನ ಮಂಚದ ಮೇಲೆ ಹರವಿದರು. ಮೇಲ್ಭಾಗ ನೋಡಿದರೆ ಕಣ್ಣು ತುಂಬುವ ಹಾಗಿತ್ತು. ತಿರುವಿ ಹಾಕಿದರೆ ಹಿಂದೆಲ್ಲ ನಿರಿಗೆ, ಮಡಿಕೆ. ಒಂದು ಕಡೆಯಂತೂ ಬೆರಳು ತೂರಿಸುವಷ್ಟು ಜೋಳಿಗೆ. ‘ನನ್ನ ಮಷಿನ್ನೇ ಸರಿ ಇಲ್ರೀ. ಲಾಂಗ್‌ಆರ್ಮ್ ಅಂತ ಬರ್ತದಂತಲ್ಲ, ಅದೇ ಬೇಕಂತೆ’ ಅಂದರು.

ಬೇಡ. ಲಾಂಗ್‌ಆರ್ಮ್ ಎಂದರೆ ಮಂಚಕ್ಕಿಂತ ದೊಡ್ಡ ಚೌಕಟ್ಟಿಗೆ ಬಟ್ಟೆಯನ್ನು ಬಿಗಿಯಾಗಿ ಸುತ್ತಿಟ್ಟು, ಮಷಿನ್ನಿನ ತಲೆಯನ್ನೇ ಅದರ ಮೇಲೆ ಓಡಾಡಿಸಿ ಹೊಲಿಯುವ ಯಂತ್ರ. ಲಕ್ಷಗಟ್ಟಲೆ ದುಡ್ಡು, ಮೇಲೆ ಅದಕ್ಕೇ ಒಂದು ಕೋಣೆ. ಅದು ಮಾಡುವ ದೊಡ್ಡ ಉಪಕಾರ ಒಂದೇ: ಎಲ್ಲ ಪದರಗಳನ್ನು ಅಲುಗಾಡದ ಹಾಗೆ ಹಿಡಿದುಕೊಳ್ಳುವುದು. ಆ ಕೆಲಸವನ್ನು ಮನೆಯ ನೆಲ, ಒಂದು ಸುರುಳಿ ಟೇಪು ಮತ್ತು ಆಮೇಲೆ ಬಿಚ್ಚಿಹಾಕುವ ಕಚ್ಚಾ ಹೊಲಿಗೆ ಸೇರಿ ಮಾಡುತ್ತವೆ. ‘ಎಲ್ಲಿ ಹಾಸಿಕೊಂಡು ಕಚ್ಚಾ ಹೊಲಿಗೆ ಹಾಕಿದ್ರಿ?’ ಎಂದು ಕೇಳಿದೆ. ‘ಇನ್ನೆಲ್ಲಿ, ಹಾಸಿಗೆ ಮೇಲೆ’ ಅಂದರು. ಜೋಳಿಗೆ ಹುಟ್ಟಿದ್ದು ಅಲ್ಲೇ.

ಬಟ್ಟೆ

ಹಳೆಯ ಕಾಟನ್ ಸೀರೆಯೇ ಬೇಕು. ಕಾಟನ್ನೋ ಅಲ್ಲವೋ ಅನುಮಾನವಿದ್ದರೆ ಒಂದು ಎಳೆ ಕಿತ್ತು ಕಡ್ಡಿ ಗೀರಿ. ಬೂದಿಯಾಗಿ ಉದುರಿದರೆ ಕಾಟನ್. ಮುದುಡಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ಪಕ್ಕಕ್ಕಿಡಿ. ಜಾರ್ಜೆಟ್, ಶಿಫಾನ್ ಹತ್ತಿರವೂ ತರಬೇಡಿ, ಪದರದಿಂದ ಪದರಕ್ಕೆ ಜಾರುತ್ತವೆ. ಎಲ್ಲವನ್ನೂ ಮೊದಲೇ ಒಗೆದು ಒಣಗಿಸಿ. ಕೆಂಪು ಸೆರಗಿನ ಮೇಲೆ ಒದ್ದೆ ಬಿಳಿ ಬಟ್ಟೆ ಇಟ್ಟು ಬಿಸಿ ಇಸ್ತ್ರಿ ಒತ್ತಿ ನೋಡಿ. ಬಣ್ಣ ಅಂಟಿದರೆ ಆ ಸೆರಗಿನ ಆಸೆ ಬಿಡಿ. ಉಪ್ಪುನೀರಿನಲ್ಲಿ ನೆನೆಸಿದರೆ ನಿಲ್ಲುತ್ತದೆ ಅಂತಾರೆ, ನಾನು ನಂಬುವುದಿಲ್ಲ.

ಐದೂವರೆ ಮೀಟರಿನ ಸೀರೆಯನ್ನು ಅಡ್ಡಕ್ಕೆ ಎರಡು ತುಂಡು ಮಾಡಿ, ಅಂಚಿಗೆ ಅಂಚು ಜೋಡಿಸಿದರೆ ಹತ್ತಿರಹತ್ತಿರ 90x108 ಇಂಚು ಬರುತ್ತದೆ. ಡಬಲ್ ಬೆಡ್‌ಶೀಟಿನ ಅಳತೆ! ಆದರೆ ಮೊದಲ ಸಲ ಡಬಲ್‌ಗೆ ಕೈ ಹಾಕಬೇಡಿ. ಅಡಿ ಬಟ್ಟೆಯನ್ನು 64x94ಕ್ಕೆ ಕತ್ತರಿಸಿ. ಮೇಲಿನ ತೇಪೆಗಳನ್ನು ಜೋಡಿಸಿ 60x90 ಮಾಡಿಕೊಳ್ಳಿ. ನಡುವೆ ಹಳೆಯ ಸೀರೆಯ ಎರಡು ಪದರ ಸಾಕು. ಅಂಗಡಿಯಲ್ಲಿ ಸಿಗುವ ಹತ್ತಿಯಂಥ ಪಾಲಿಯೆಸ್ಟರ್ ಹಾಳೆ ಹಾಕಿದರೆ ಕೌದಿ ಉಬ್ಬಿ ಕಾಣುತ್ತದೆ ನಿಜ, ಆದರೆ ಹೊದ್ದವರು ನಡುರಾತ್ರಿ ಬೆವರಿ ಎದ್ದು ಕೂರುತ್ತಾರೆ. ಬಿಡಿ ಹತ್ತಿ ತುಂಬಿದರೆ ಎರಡು ಒಗೆತಕ್ಕೆ ಉಂಡೆ ಕಟ್ಟುತ್ತದೆ.

ನೆಲದ ಕೆಲಸ

ಇದಕ್ಕೆ ಅರ್ಧ ದಿನ ಎತ್ತಿಡಿ. ಟೇಬಲ್ ಬೇಡ, ಹಾಸಿಗೆ ಬೇಡವೇ ಬೇಡ, ಚಾಪೆಯೂ ಬೇಡ. ಗಟ್ಟಿ ನೆಲ ಬೇಕು. ಗುಡಿಸಿ, ಒರೆಸಿ, ಪೂರ್ತಿ ಒಣಗಲು ಬಿಡಿ. ಒದ್ದೆ ನೆಲಕ್ಕೆ ಟೇಪು ಹಿಡಿಯುವುದಿಲ್ಲ.

ಅಡಿ ಬಟ್ಟೆಯನ್ನು ಒಳಮೈ ಮೇಲೆ ಬರುವಂತೆ ಹಾಸಿ. ಮಾಸ್ಕಿಂಗ್ ಟೇಪನ್ನು ಮೊದಲು ಮೂಲೆಗೆ ಹಚ್ಚಬೇಡಿ. ನಾಲ್ಕೂ ಬದಿಯ ನಟ್ಟನಡುವೆ ಒಂದೊಂದು ತುಂಡು, ಎದುರುಬದುರು. ಆಮೇಲೆ ಅಲ್ಲಿಂದ ಮೂಲೆಗಳ ಕಡೆ ಹೋಗಿ. ಬಟ್ಟೆ ಸಪಾಟಾಗಬೇಕು, ಹಿಗ್ಗಬಾರದು. ಇಲ್ಲೇ ಎಲ್ಲರೂ ಜೋಶ್‌ನಲ್ಲಿ ತಮಟೆ ಬಿಗಿದ ಹಾಗೆ ಎಳೆಯುವುದು. ಹಾಗೆ ಎಳೆದ ಬಟ್ಟೆ ಟೇಪು ಕಿತ್ತ ಕೂಡಲೇ ತನ್ನ ಅಳತೆಗೆ ವಾಪಸ್ ಹೋಗುತ್ತದೆ, ಮೇಲಿನ ಪದರಗಳು ಸುಕ್ಕಾಗುತ್ತವೆ. ನನ್ನ ಮೊದಲ ಕೌದಿ ಕೆಟ್ಟಿದ್ದೂ ಹೀಗೇ. ಅಕ್ಕನ ಮಗಳ ಬಾಣಂತನಕ್ಕೆಂದು ಹೊಲಿದದ್ದು ಈಗ ಸ್ಕೂಟರಿಗೆ ಹೊದಿಕೆ. ಅಂಗೈಯಿಂದ ಬಟ್ಟೆಯನ್ನು ಸವರಿ ನೋಡಿ. ಕೈಯ ಮುಂದೆ ಅಲೆ ಏಳಬಾರದು, ದಾರದ ಎಳೆಗಳು ಸೊಟ್ಟಗಾಗಿ ಕಾಣಬಾರದು. ಅಷ್ಟೇ ಬಿಗಿ.

ಅದರ ಮೇಲೆ ನಡುವಿನ ಪದರಗಳನ್ನು ಒಂದೊಂದಾಗಿ ಹಾಸಿ. ಎರಡನ್ನೂ ಒಟ್ಟಿಗೆ ಹಾಕಬೇಡಿ. ಪ್ರತಿ ಪದರವನ್ನೂ ನಡುವಿನಿಂದ ಹೊರಕ್ಕೆ ಸವರಿ. ಕೊನೆಗೆ ಮೇಲಿನ ತೇಪೆಯ ಬಟ್ಟೆ, ಸುತ್ತಲೂ ಎರಡೆರಡು ಇಂಚು ಅಡಿ ಬಟ್ಟೆ ಕಾಣುವ ಹಾಗೆ.

ಈಗ ಕಚ್ಚಾ ಹೊಲಿಗೆ. ಬೇರೆ ಬಣ್ಣದ ದಾರ ತೆಗೆದುಕೊಳ್ಳಿ, ಬಿಚ್ಚುವಾಗ ಕಾಣಬೇಕಲ್ಲ. ಕೌದಿಯ ನಟ್ಟನಡುವೆ ಸೂಜಿ ಚುಚ್ಚಿ ಒಂದು ಅಂಚಿನವರೆಗೆ ಹೋಗಿ. ಮತ್ತೆ ನಡುವಿಗೆ ಬಂದು ಎದುರಿನ ಅಂಚಿಗೆ. ಆಮೇಲೆ ಅಡ್ಡಕ್ಕೆ. ಮೊದಲು ಹೀಗೆ ಒಂದು ಕೂಡು ಗುರುತು (+) ಮೂಡಬೇಕು, ನಂತರ ನಾಲ್ಕು ಇಂಚಿಗೊಂದು ಸಾಲು. ಒಂದೊಂದು ಹೊಲಿಗೆ ಎರಡು ಮೂರು ಇಂಚು ಉದ್ದವಿದ್ದರೆ ನಡೆಯುತ್ತದೆ. ಒಂದು ಅಂಚಿನಿಂದ ಶುರು ಮಾಡಿ ಇನ್ನೊಂದು ಅಂಚಿಗೆ ಹೋದರೆ ಸಡಿಲವೆಲ್ಲ ಕೊನೆಗೆ ಬಂದು ಗುಡ್ಡೆ ಬೀಳುತ್ತದೆ.

ಸೂಜಿ ತೆಗೆಯಲು ಕೌದಿಯ ಅಡಿಗೆ ಕೈ ತೂರಿಸಬಾರದು. ಕೈ ಹೋದರೆ ಬಟ್ಟೆ ಎದ್ದಿತು, ಹಾಸಿದ್ದೆಲ್ಲ ನೀರು ಪಾಲು. ಎಡಗೈಯಲ್ಲಿ ಒಂದು ಟೀ ಚಮಚ ಹಿಡಿಯಿರಿ. ಸೂಜಿಯ ಮೊನೆ ನೆಲಕ್ಕೆ ತಾಕಿದ್ದು ಕೈಗೆ ಗೊತ್ತಾಗುತ್ತದೆ. ಆಗ ಸೂಜಿಯನ್ನು ಓರೆ ಮಾಡಿ ಮೇಲೆ ತನ್ನಿ, ಮೊನೆ ಇಣುಕಿದ ಕಡೆ ಚಮಚದ ಅಂಚನ್ನು ಒತ್ತಿ ಹಿಡಿಯಿರಿ. ಮೊನೆ ಚಮಚದ ಮೇಲೆ ಏರಿ ಬರುತ್ತದೆ. ಹತ್ತು ಹೊಲಿಗೆಯಾಗುವಷ್ಟರಲ್ಲಿ ಕೈ ಕುದುರುತ್ತದೆ, ಬೆರಳೂ ಉಳಿಯುತ್ತದೆ.

‘ಸೇಫ್ಟಿ ಪಿನ್ ಆಗಲ್ವಾ?’ ಆಗುತ್ತದೆ. ನಾಲ್ಕು ಇಂಚಿಗೊಂದರಂತೆ ಮುನ್ನೂರಕ್ಕೂ ಜಾಸ್ತಿ ಪಿನ್ ಬೇಕು. ಕಡಿಮೆ ಬೆಲೆಯ ಪಿನ್ನು ಮಳೆಗಾಲದಲ್ಲಿ ನಾಲ್ಕು ದಿನ ಬಟ್ಟೆಯಲ್ಲಿದ್ದರೆ ತುಕ್ಕಿನ ಕಲೆ ಬಿಡುತ್ತದೆ, ಅದು ಜನ್ಮಕ್ಕೂ ಹೋಗದು. ಅಂಟಿನ ಸ್ಪ್ರೇ ಬಗ್ಗೆ ನನ್ನನ್ನು ಕೇಳಲೇಬೇಡಿ. ಸೂಜಿಗೆಲ್ಲ ಮೇಣದ ಹಾಗೆ ಮೆತ್ತಿಕೊಂಡಿತ್ತು.

ಮುಗಿದ ಮೇಲೆ ಟೇಪು ಕಿತ್ತು, ಕೌದಿ ತಿರುವಿ, ಹಿಂಭಾಗವನ್ನು ಕಣ್ಣು ಮುಚ್ಚಿ ಅಂಗೈಯಲ್ಲಿ ಸವರಿ. ಕಣ್ಣು ತಪ್ಪಿಸಿಕೊಂಡ ಮಡಿಕೆ ಕೈಗೆ ಸಿಗುತ್ತದೆ. ಸಿಕ್ಕಿದ ಕಡೆಯಷ್ಟೇ ಬಿಚ್ಚಿ ಮತ್ತೆ ಹಾಕಿ. ‘ಮಷಿನ್ನಲ್ಲಿ ಸರಿಹೋಗುತ್ತೆ’ ಎಂದು ಬಿಟ್ಟರೆ ಅದೇ ಮಡಿಕೆಯ ಮೇಲೆ ಪಕ್ಕಾ ಹೊಲಿಗೆ ಬೀಳುತ್ತದೆ.

ಮಷಿನ್ನಿಗೆ

ಮಷಿನ್ನಿನ ಹಲ್ಲುಗಳು ಅಡಿ ಪದರವನ್ನು ಹಿಂದಕ್ಕೆ ಎಳೆಯುತ್ತವೆ. ಬಟ್ಟೆಯನ್ನು ಒತ್ತಿ ಹಿಡಿಯುವ ಮೇಲಿನ ಫುಟ್ ಮೇಲ್ಪದರವನ್ನು ತಡೆಯುತ್ತದೆ. ಈ ಜಗಳದಲ್ಲಿ ಬಟ್ಟೆ ಸರಿಯುವುದು. ಮೇಲ್ಪದರವನ್ನೂ ಹಿಂದಕ್ಕೆ ಸರಿಸುವ ವಾಕಿಂಗ್ ಫುಟ್ ಹಾಕಿದರೆ ಎರಡೂ ಒಟ್ಟಿಗೆ ನಡೆಯುತ್ತವೆ. ಕೊಳ್ಳುವ ಮುಂಚೆ ನಿಮ್ಮ ಮಷಿನ್ನಿಗೆ ಕೂರುತ್ತದಾ ನೋಡಿ. ಹಳೆಯ ಕಪ್ಪು ಮಷಿನ್ನಾದರೆ ಫುಟ್‌ನ ಕಂಬಿಯ ತಲೆಯ ಮೇಲಿರುವ ತಿರುಪನ್ನು ಸ್ವಲ್ಪ ಸಡಿಲಿಸಿದರೂ ಎಷ್ಟೋ ವಾಸಿ. 16ನೇ ನಂಬರಿನ ಸೂಜಿ, ಹೊಲಿಗೆಯ ಉದ್ದ 3 ಮಿಲಿಮೀಟರ್‌ಗಿಂತ ಕಡಿಮೆ ಬೇಡ.

ಮನೆ ಮಷಿನ್ನಿನ ತೋಳಿನ ಅಡಿ ಆರೇಳು ಇಂಚು ಜಾಗ. ಕೌದಿಯನ್ನು ಎರಡೂ ಕಡೆಯಿಂದ ನಡುವಿನವರೆಗೆ ಸುತ್ತಿ, ಬಲಗಡೆಯ ಸುರುಳಿಯನ್ನು ಆ ಜಾಗದೊಳಗೆ ತೂರಿಸಿ. ಮೊದಲ ಸಾಲು ನಟ್ಟನಡುವೆ, ಮುಂದಿನವು ಬಲಕ್ಕೆ, ಒಂದೂವರೆ ಇಂಚಿಗೊಂದು, ಎಲ್ಲವೂ ಒಂದೇ ದಿಕ್ಕಿನಲ್ಲಿ. ಹೋಗಿ ಬರುತ್ತ ಹೊಲಿದರೆ ಸಾಲುಗಳ ನಡುವೆ ಓರೆ ಸುಕ್ಕು ಏಳುತ್ತದೆ. ಬಲ ಭಾಗ ಮುಗಿದ ಮೇಲೆ ಕೌದಿಯನ್ನೇ ತಿರುಗಿಸಿ ಉಳಿದರ್ಧ. ಒಟ್ಟು 40 ಸಾಲು ಎಂದರೆ ಸುಮಾರು 90 ಮೀಟರ್ ಹೊಲಿಗೆ. ನಾಲ್ಕೈದು ಬಾಬಿನ್ ಮೊದಲೇ ಸುತ್ತಿಟ್ಟುಕೊಳ್ಳಿ.

ಎಡಗಡೆ ಇನ್ನೊಂದು ಟೇಬಲ್ಲೋ ಕುರ್ಚಿಯೋ ಇಡಲೇಬೇಕು. ಕೌದಿ ನೆಲಕ್ಕೆ ಜೋತು ಬಿದ್ದರೆ ಅದರ ಭಾರವೇ ಸೂಜಿಯನ್ನು ಎಳೆದು ಮುರಿಯುತ್ತದೆ. ಬೈಗುಳ ಮಾತ್ರ ಮಷಿನ್ನಿಗೆ.

ಮಷಿನ್ನೇ ಇಲ್ಲದಿದ್ದರೆ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೈಯಲ್ಲೇ ಹೊಲಿಯುವ ಕೌದಿ, ಕವಂದಿ ನೋಡಿ. ಅವರು ತೇಪೆಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ. ಅಡಿ ಬಟ್ಟೆಯ ಅಂಚಿನಿಂದ ಶುರು ಮಾಡಿ, ಒಂದೊಂದೇ ತೇಪೆ ಇಟ್ಟು, ಸುತ್ತು ಹೊಡೆಯುತ್ತ ಒಳಕ್ಕೆ ಬರುತ್ತಾರೆ. ಸಡಿಲ ಉಳಿದರೆ ಮುಂದಿನ ತೇಪೆಯ ಮಡಿಕೆಯೊಳಗೆ ಸರಿಸಿಕೊಳ್ಳಬಹುದು. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಪುಟ್ಟ ‘ಫೂಲ’ ಕೂರಿಸುತ್ತಾರೆ. ಕೈಹೊಲಿಗೆಯೇ ಇಷ್ಟವೆಂದರೆ ಇದೇ ದಾರಿ ಹಿಡಿಯಿರಿ. ದಾರಕ್ಕೆ ಜೇನುಮೇಣ ಸವರಿಕೊಂಡರೆ ಗಂಟು ಬೀಳುವುದು ಕಡಿಮೆ.

ಮಷಿನ್ ಕೌದಿಗೆ ಉಳಿದದ್ದು ಅಂಚು. ಸುತ್ತಲಿನ ಎರಡು ಇಂಚನ್ನು ಎರಡು ಮಡಿಕೆ ಮಾಡಿ ಮೇಲಕ್ಕೆ ತಂದು ಹೊಲಿಯಿರಿ. ಕಚ್ಚಾ ದಾರ ಬಿಚ್ಚುವುದು ಅದಾದ ಮೇಲೆ. ಒಗೆದಾಗ ಒಂದೇ ಹಗ್ಗಕ್ಕೆ ನೇತುಹಾಕಬೇಡಿ, ನೀರಿನ ಭಾರಕ್ಕೆ ಜೋಲುತ್ತದೆ. ಎರಡು ಹಗ್ಗದ ಮೇಲೆ ಅಡ್ಡಕ್ಕೆ ಹರವಿ.